ಓಟದಲ್ಲಿ ಪಾದ ಊರುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ದೂರದ ಓಟದ ಅಭ್ಯಾಸವನ್ನು ಕುರಿತು ಬರೆದ ಬಳಿಕ ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿಯ ಓದುಗರಿಂದ ಬಂದ ಪತ್ರಗಳಲ್ಲಿ ಬಹುಪಾಲು, ಪಾದವನ್ನು ಹೇಗೆ ಊರಬೇಕು, ಹೆಜ್ಜೆ ಎಷ್ಟು ಉದ್ದವಿರಬೇಕು ಎಂಬುದನ್ನೇ ಕೇಳಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಡಲಾಗಿದೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನನಗೀಗ 47 ವರ್ಷ. ಬ್ಯಾಂಕಿನಲ್ಲಿ ಕೆಲಸ. ಎರಡು ವರ್ಷಗಳಿಂದ ಉಣಕಲ್ ಕೆರೆಯ ಸುತ್ತಮುತ್ತ ವಾರಕ್ಕೆ ನಾಲ್ಕು ದಿನ ಓಡುತ್ತಿದ್ದೇನೆ. ಹತ್ತು ಕಿಲೋಮೀಟರಿಗೆ ಸುಮಾರು ಒಂದು ತಾಸು ಬೇಕಾಗುತ್ತದೆ. ಆಗಾಗ ಮೊಣಕಾಲಿನ ಮುಂಭಾಗ ನೋಯುತ್ತದೆ. ನಮ್ಮ ಗುಂಪಿನ ಕಿರಿಯರು ನನ್ನ ಓಟದ ವಿಡಿಯೋ ತೆಗೆದು, ನಾನು ಹಿಮ್ಮಡಿಯನ್ನು ಮೊದಲು ಊರುತ್ತೇನೆಂದೂ, ಅದು ತಪ್ಪೆಂದೂ, ಅದರಿಂದಲೇ ಮೊಣಕಾಲು ಹಾಳಾಗುತ್ತಿದೆಯೆಂದೂ ಹೇಳಿದರು. ಒಂದು ವಾರ ತುದಿಗಾಲಿನಲ್ಲಿ ಓಡಿದೆ. ಮೀನಖಂಡಗಳು ಹಿಡಿದುಕೊಂಡು ಈಗ ಮೆಟ್ಟಿಲು ಇಳಿಯುವುದೂ ಕಷ್ಟವಾಗಿದೆ. ಮುಂದೇನು ಮಾಡಬೇಕು? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಮೊದಲು ನಿಮ್ಮ ಮೀನಖಂಡದ ಮಾತು. ಆ ಬಿಗಿತ ಪೂರ್ತಿಯಾಗಿ ಇಳಿಯುವವರೆಗೆ ಓಡಬೇಡಿ, ಬಿರುಸಾಗಿ ನಡೆಯಿರಿ. ಬಳಿಕ ಓಟಕ್ಕೆ ಮರಳುವಾಗ ನಿಮ್ಮ ಹಳೆಯ ರೀತಿಯಲ್ಲಿಯೇ ಮರಳಿರಿ. ತುದಿಗಾಲಿನ ಪ್ರಯೋಗವನ್ನು ಇಲ್ಲಿಗೇ ಕೈಬಿಡಬೇಕೆಂಬುದು ನನ್ನ ಸಲಹೆ. ಹಿಮ್ಮಡಿಯನ್ನು ಮೊದಲು ಊರುವುದು ತನ್ನಷ್ಟಕ್ಕೆ ದೋಷವಲ್ಲವೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಒಂದು ತಪ್ಪು ತಿಳಿವಳಿಕೆಯಿಂದಾಗಿ ಚೆನ್ನಾಗಿ ಓಡುತ್ತಿದ್ದ ನಡುವಯಸ್ಸಿನವರು ಕಾಲು ನೋಯಿಸಿಕೊಂಡು ಓಟವನ್ನೇ ಬಿಟ್ಟದ್ದನ್ನು ಕಂಡಿದ್ದೇನೆ.

ನಿಮ್ಮ ಗುಂಪಿನ ಕಿರಿಯರು ಆಧಾರವಿಲ್ಲದೆ ಮಾತನಾಡಿದ್ದಾರೆಂದು ಇದರ ಅರ್ಥವಲ್ಲ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು, ಬರಿಗಾಲಿನಲ್ಲಿ ಓಡಿ ಬೆಳೆದ ಕೀನ್ಯಾದವರನ್ನು ಬೂಟು ತೊಟ್ಟು ಓಡುವವರೊಂದಿಗೆ ಹೋಲಿಸಿ, ಅಂಗಾಲಿನ ಮುಂಭಾಗವನ್ನು ಮೊದಲು ಊರಿದಾಗ ನೆಲ ತಾಗಿದ ಕ್ಷಣದ ಚುರುಕಾದ ಪೆಟ್ಟು ಬಹುಮಟ್ಟಿಗೆ ಇಲ್ಲವಾಗುತ್ತದೆಂದು ತೋರಿಸಿದರು. 2012ರಲ್ಲಿ ಅದೇ ವಿಶ್ವವಿದ್ಯಾಲಯದ ಕ್ರಾಸ್ ಕಂಟ್ರಿ ತಂಡದ 52 ಮಂದಿಯ ದಾಖಲೆಗಳನ್ನು ಪರಿಶೀಲಿಸಿದಾಗ, ಪದೇ ಪದೇ ಬೀಳುವ ಒತ್ತಡದಿಂದಾಗುವ ಗಾಯಗಳು ಹಿಮ್ಮಡಿ ಊರುವವರಲ್ಲಿ ಸುಮಾರು ಎರಡು ಪಟ್ಟು ಹೆಚ್ಚಾಗಿದ್ದವು. ಹಿಮ್ಮಡಿಯೇ ಎಲ್ಲ ನೋವಿಗೂ ಮೂಲವೆಂಬ ನಂಬಿಕೆ ಓಟಗಾರರಲ್ಲಿ ಬೇರೂರಿದ್ದು ಇಂಥ ವರದಿಗಳಿಂದ. ಆದರೆ ಕೆಲವೇ ವರ್ಷಗಳ ಬಳಿಕ, 2015ರಲ್ಲಿ, ಅಮೆರಿಕದ ಸೈನಿಕರಲ್ಲಿ ಇದನ್ನೇ ಪರೀಕ್ಷಿಸಿದಾಗ, ಪಾದ ಊರುವ ಬಗೆಗೂ ಗಾಯಗಳಿಗೂ ಓಟದ ವೇಗಕ್ಕೂ ಗುರುತಿಸಬಹುದಾದ ಸಂಬಂಧ ಕಾಣಲಿಲ್ಲ.

ವೇಗದ ಓಟಗಾರರೆಲ್ಲ ತುದಿಗಾಲಿನವರೆಂಬ ಮಾತೂ ನಿಲ್ಲುವುದಿಲ್ಲ. ಜಪಾನಿನ ಸಪ್ಪೊರೊದಲ್ಲಿ 2004ರಲ್ಲಿ ನಡೆದ ಹಾಫ್ ಮ್ಯಾರಥಾನಿನ 15ನೆಯ ಕಿಲೋಮೀಟರಿನಲ್ಲಿ ಕ್ಯಾಮೆರಾ ಇರಿಸಿ 283 ಓಟಗಾರರ ಪಾದಗಳನ್ನು ನೋಡಿದಾಗ, ಶೇಕಡಾ 75ರಷ್ಟು ಮಂದಿ ಹಿಮ್ಮಡಿಯನ್ನೂ ಶೇಕಡಾ 24ರಷ್ಟು ಮಂದಿ ಪಾದದ ನಡುಭಾಗವನ್ನೂ ಮೊದಲು ಊರುತ್ತಿದ್ದರು; ಮುಂಭಾಗವನ್ನು ಊರುತ್ತಿದ್ದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಮೊದಲ 50 ಸ್ಥಾನ ಪಡೆದವರಲ್ಲಿ ನಡುಪಾದದವರ ಪಾಲು ಹೆಚ್ಚಿತ್ತೆಂಬುದು ನಿಜ, ಆದರೂ ಅವರಲ್ಲಿ ಹಿಮ್ಮಡಿಯವರೇ ಶೇಕಡಾ 62. ಲಂಡನ್ನಿನಲ್ಲಿ 2017ರಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಮ್ಯಾರಥಾನಿನಲ್ಲಿಯೂ ಪುರುಷರು, ಮಹಿಳೆಯರು ಇಬ್ಬರಲ್ಲೂ ಅರ್ಧಕ್ಕಿಂತ ಹೆಚ್ಚಿನವರು ಹಿಮ್ಮಡಿ ಊರಿಯೇ ಓಡಿದರು.

ಇನ್ನು ಮೊಣಕಾಲಿನ ವಿಚಾರ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಮೈತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ನೀವು 70 ಕಿಲೋ ತೂಗುವವರಾದರೆ ಒಂದೊಂದು ಹೆಜ್ಜೆಗೂ ಕಾಲು 140ರಿಂದ 210 ಕಿಲೋ ಭಾರವನ್ನು ಕ್ಷಣಮಾತ್ರ ಹೊರುತ್ತದೆ. ಪಾದದ ಯಾವ ಭಾಗ ಮೊದಲು ತಾಗಿದರೂ ಈ ಒಟ್ಟು ಹೊರೆ ಹೆಚ್ಚು ಬದಲಾಗುವುದಿಲ್ಲ, ಅದು ಬೀಳುವ ಜಾಗ ಮಾತ್ರ ಬದಲಾಗುತ್ತದೆ. ಹಿಮ್ಮಡಿ ಊರಿದಾಗ ಕಣಕಾಲಿನ ಮುಂಭಾಗವೂ ಮೊಣಕಾಲಿನ ಚಿಪ್ಪಿನ ಹಿಂಬದಿಯೂ ಹೆಚ್ಚು ದುಡಿಯುತ್ತವೆ. ಮುಂಭಾಗ ಊರಿದಾಗ ಮೊಣಕಾಲಿನ ಹೊರೆ ತಗ್ಗಿ ಮೀನಖಂಡ, ಹಿಮ್ಮಡಿಯ ಮೇಲಿನ ದಪ್ಪ ನರ ಮತ್ತು ಬೆರಳುಗಳ ಹಿಂದಿನ ಸಣ್ಣ ಎಲುಬುಗಳ ಹೊರೆ ಏರುತ್ತದೆ. ನಲವತ್ತು ದಾಟಿದವರಲ್ಲಿ ಮೀನಖಂಡ ಮತ್ತು ಆ ನರ ಮೊದಲಿನಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲವಾದ್ದರಿಂದ, ಒಂದೇ ವಾರದಲ್ಲಿ ಇಡೀ ಹೊರೆಯನ್ನು ಅವುಗಳ ಮೇಲೆ ಹಾಕಿದ್ದು ನಿಮಗೆ ಭಾರಿಯಾಯಿತು.

ಹಾಗಾದರೆ ನಿಮ್ಮ ಮೊಣಕಾಲಿನ ನೋವಿಗೆ ಉಪಾಯವೇನು? ವಿಡಿಯೋವನ್ನು ಇನ್ನೊಮ್ಮೆ ನೋಡಿರಿ, ಆದರೆ ಈ ಸಲ ಪಾದದ ಯಾವ ಭಾಗ ತಾಗುತ್ತದೆಂದು ನೋಡದೆ, ಪಾದ ಮೈಗೆ ಎಷ್ಟು ಮುಂದೆ ಬೀಳುತ್ತದೆಂದು ನೋಡಿರಿ. ನೆಲ ತಾಗುವ ಕ್ಷಣದಲ್ಲಿ ಮೊಣಕಾಲು ಕೊಂಚ ಮಡಚಿದ್ದು, ಪಾದ ಹೆಚ್ಚುಕಡಿಮೆ ಅದರ ನೇರ ಕೆಳಗಿದ್ದರೆ, ಹಿಮ್ಮಡಿ ಮೊದಲು ತಾಗಿದರೂ ಚಿಂತೆಯಿಲ್ಲ. ಮೊಣಕಾಲು ನೆಟ್ಟಗಾಗಿ, ಪಾದ ಅದನ್ನು ದಾಟಿ ಬಹಳ ಮುಂದೆ ಚಾಚಿಕೊಂಡಿದ್ದರೆ ಅದು ಗಮನಿಸಬೇಕಾದ ದೋಷ, ಏಕೆಂದರೆ ಹಾಗೆ ಊರಿದ ಕಾಲು ಪ್ರತಿ ಸಲವೂ ಮೈಯ ಮುನ್ನಡೆಯನ್ನು ತಡೆಯುತ್ತದೆ ಮತ್ತು ಆ ತಡೆಯ ಬೆಲೆಯನ್ನು ಮೊಣಕಾಲು ತೆರುತ್ತದೆ. ಅಷ್ಟು ಮುಂದೆ ಚಾಚಿದ ಕಾಲು ತುದಿಗಾಲಿನಲ್ಲಿ ಇಳಿದರೂ ದೋಷ ಹಾಗೆಯೇ ಉಳಿಯುತ್ತದೆ. ನನ್ನ ತಿಳಿವಳಿಕೆಯಂತೆ ದೂರದ ಓಟಗಾರರು ಪಾದದ ಬಗೆಗೆ ಕಲಿಯಬೇಕಾದ ಮುಖ್ಯ ಸಂಗತಿಯೇ ಇದು.

ಇದನ್ನು ಸರಿಪಡಿಸಲು ಪಾದವನ್ನು ತಿದ್ದಬೇಕಾಗಿಲ್ಲ, ಹೆಜ್ಜೆಗಳ ಸಂಖ್ಯೆಯನ್ನು ಸ್ವಲ್ಪ ಏರಿಸಿದರೆ ಸಾಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೇಗವನ್ನು ಬದಲಿಸದೆ ನಿಮಿಷದ ಹೆಜ್ಜೆಗಳನ್ನು ಶೇಕಡಾ 5ರಿಂದ 10ರಷ್ಟು ಏರಿಸಿದಾಗ ಮೊಣಕಾಲು ಮತ್ತು ಸೊಂಟದ ಕೀಲುಗಳ ಮೇಲಿನ ಹೊರೆ ಎದ್ದು ಕಾಣುವಂತೆ ತಗ್ಗಿತು. ಬಲಗಾಲು ನೆಲ ಮುಟ್ಟುವುದನ್ನು 30 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿರಿ. ನಿಮ್ಮ ಎಣಿಕೆ 39 ಎಂದಿಟ್ಟುಕೊಳ್ಳೋಣ. ಆಗ ನಿಮಿಷಕ್ಕೆ 156 ಹೆಜ್ಜೆಗಳಾದವು. ತಾಸಿಗೆ ಹತ್ತು ಕಿಲೋಮೀಟರ್ ಎಂದರೆ ನಿಮಿಷಕ್ಕೆ ಸುಮಾರು 167 ಮೀಟರ್, ಅಂದರೆ ಒಂದು ಹೆಜ್ಜೆ 1.07 ಮೀಟರ್. ಎಣಿಕೆಯನ್ನು 39ರಿಂದ 41ಕ್ಕೆ ಏರಿಸಿದರೆ ನಿಮಿಷಕ್ಕೆ 164 ಹೆಜ್ಜೆಗಳಾಗಿ, ಅದೇ ವೇಗದಲ್ಲಿ ಪ್ರತಿ ಹೆಜ್ಜೆ ಐದು ಸೆಂಟಿಮೀಟರಿನಷ್ಟು ಚಿಕ್ಕದಾಗುತ್ತದೆ. ಅರ್ಧ ನಿಮಿಷಕ್ಕೆ ಬಲಗಾಲಿನ ಎರಡೇ ಹೆಜ್ಜೆ ಹೆಚ್ಚು. ಮೊದಮೊದಲು ಓಟದ ನಡುನಡುವೆ ಎರಡೆರಡು ನಿಮಿಷ ಮಾತ್ರ ಹೀಗೆ ಓಡಿ, ಕೆಲವು ವಾರಗಳಲ್ಲಿ ಇಡೀ ಓಟಕ್ಕೆ ವಿಸ್ತರಿಸಿರಿ. ವೇಗ ಏರದಂತೆ ನೋಡಿಕೊಳ್ಳುವುದೇ ಇದರಲ್ಲಿ ಕಷ್ಟದ ಭಾಗ. ಜೊತೆಗೆ ಒಂದೇ ದಿಕ್ಕಿನಲ್ಲಿ, ರಸ್ತೆಯ ಒಂದೇ ಅಂಚಿನಲ್ಲಿ ದಿನಾಲೂ ಓಡುವ ರೂಢಿಯಿದ್ದರೆ ಅದನ್ನು ಬದಲಿಸಿರಿ, ಏಕೆಂದರೆ ಡಾಂಬರು ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ವಾಲಿರುತ್ತವೆ ಮತ್ತು ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು, ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ತಯಾರಿಗಾಗಿ ಧಾರವಾಡದಲ್ಲಿ ಕೋಣೆ ಮಾಡಿಕೊಂಡಿದ್ದೇನೆ. 1600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ನನಗೆ 6 ನಿಮಿಷ 50 ಸೆಕೆಂಡು ಬೇಕಾಗುತ್ತಿದೆ. ದಾಪುಗಾಲು ಹಾಕಿದರೆ ಸಮಯ ಇಳಿಯುತ್ತದೆಂದು ಗೆಳೆಯರು ಹೇಳುತ್ತಾರೆ. ಹಾಗೆ ಮಾಡಿದಾಗಿನಿಂದ ಕಣಕಾಲಿನ ಮುಂದಿನ ಎಲುಬು ನೋಯತೊಡಗಿದೆ. (ಧಾರವಾಡ)

ಉತ್ತರ: ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ವೇಗವೆಂದರೆ ಹೆಜ್ಜೆಯ ಉದ್ದವನ್ನು ಹೆಜ್ಜೆಗಳ ಸಂಖ್ಯೆಯಿಂದ ಗುಣಿಸಿದ ಲೆಕ್ಕವೇ ಆದ್ದರಿಂದ, ಆರೂವರೆ ನಿಮಿಷದ ಗುರಿಗೆ ನಿಮಿಷಕ್ಕೆ 246 ಮೀಟರ್ ಓಡಬೇಕು. ನಿಮಿಷಕ್ಕೆ 180 ಹೆಜ್ಜೆ ಇಡುವವನ ಒಂದು ಹೆಜ್ಜೆ ಆಗ 1.37 ಮೀಟರ್ ಆಗಬೇಕು. ಇದು ಉದ್ದವಾದ ಹೆಜ್ಜೆಯೇ. ಆದರೆ ಆ ಉದ್ದ ಕಾಲನ್ನು ಮುಂದಕ್ಕೆ ಚಾಚುವುದರಿಂದ ಬರಬಾರದು. ಹಿಂದಿನ ಕಾಲು ನೆಲವನ್ನು ಬಲವಾಗಿ ಒತ್ತಿ, ಸೊಂಟ ಪೂರ್ತಿ ಬಿಚ್ಚಿಕೊಂಡು, ಎರಡೂ ಪಾದಗಳು ನೆಲ ಬಿಟ್ಟಿರುವ ಗಳಿಗೆಯಲ್ಲಿ ಮೈ ಮುಂದೆ ಸಾಗುವುದರಿಂದ ಬರಬೇಕು. ಒಳ್ಳೆಯ ಓಟಗಾರನನ್ನು ಪಕ್ಕದಿಂದ ನೋಡಿದರೆ ಅವನ ಕಾಲು ಹಿಂಬದಿಯಲ್ಲಿ ಬಹಳ ದೂರ ತೆರೆದುಕೊಳ್ಳುವುದೂ, ಮುಂಬದಿಯಲ್ಲಿ ಮೊಣಕಾಲು ಎತ್ತಿ ಬಂದು ಪಾದ ಮೈಯ ಹತ್ತಿರವೇ ಇಳಿಯುವುದೂ ಕಾಣುತ್ತದೆ.

ಆ ಒತ್ತುವ ಬಲವನ್ನು ಬೆಳೆಸಲು ವಾರಕ್ಕೆ ಎರಡು ದಿನ ಸಣ್ಣ ಏರಿನಲ್ಲಿ 80ರಿಂದ 100 ಮೀಟರಿನಷ್ಟು ದೂರವನ್ನು ಆರೆಂಟು ಸಲ ಚುರುಕಾಗಿ ಓಡಿ, ಕೆಳಗೆ ನಡೆದು ಬರಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಏರುರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಏರಿನಲ್ಲಿ ನೆಲವೇ ಎದುರಿಗೆ ಎದ್ದುಬರುವುದರಿಂದ ಕಾಲನ್ನು ಮುಂದೆ ಚಾಚಲು ಅವಕಾಶವೇ ಇರುವುದಿಲ್ಲ, ಹೀಗಾಗಿ ಸರಿಯಾದ ಹೆಜ್ಜೆ ತಾನಾಗಿ ಬರುತ್ತದೆ. ಇನ್ನೊಂದು ದಿನ 400 ಮೀಟರಿನ ಐದು ಸುತ್ತುಗಳನ್ನು, ನಡುವೆ ಎರಡು ನಿಮಿಷ ಬಿಡುವು ಕೊಟ್ಟು, ಒಂದೊಂದನ್ನು 96 ಸೆಕೆಂಡಿನ ಆಸುಪಾಸಿನಲ್ಲಿ ಓಡಿರಿ. ನಿಮ್ಮ ಗುರಿಯ ಪ್ರಕಾರ ಪ್ರತಿ ಸುತ್ತಿಗೆ ಇರುವ ಅವಕಾಶ 97 ಸೆಕೆಂಡೂವರೆ. ಪರೀಕ್ಷೆಯ ದಿನ ಬಹಳ ಹುಡುಗರು ಮೊದಲ ಸುತ್ತನ್ನು 80 ಸೆಕೆಂಡಿಗೆ ಓಡಿ, ಕೊನೆಯ ಸುತ್ತಿನಲ್ಲಿ ದಣಿದು ದಾಪುಗಾಲು ಹಾಕತೊಡಗುತ್ತಾರೆ. ದಣಿದ ಕಾಲಿನ ದಾಪುಗಾಲಿನಿಂದ ಸಮಯ ಉಳಿಯುವುದಿಲ್ಲ, ಖರ್ಚಾಗುತ್ತದೆ. ಆ ಹೊತ್ತಿನಲ್ಲಿ ಹೆಜ್ಜೆಗಳನ್ನು ಚಿಕ್ಕದು ಮಾಡಿ, ಕೈಗಳನ್ನು ಬೇಗಬೇಗ ಬೀಸಿರಿ.

ಕಣಕಾಲಿನ ನೋವಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನೋವು ಎಲುಬಿನ ಉದ್ದಕ್ಕೂ ಹರಡಿದ್ದು, ಒಂದೆರಡು ವಾರ ಓಟ ತಗ್ಗಿಸಿದಾಗ ಇಳಿದರೆ ಅದು ಶಿನ್ ಪೇನ್ ಎಂದು ಎಲ್ಲರೂ ಹೇಳುವ ಸಾಮಾನ್ಯ ತೊಂದರೆ. ಬೆರಳಿನಿಂದ ಒತ್ತಿದಾಗ ಒಂದೇ ಜಾಗದಲ್ಲಿ ತೀವ್ರವಾಗಿ ನೋಯುತ್ತಿದ್ದರೆ, ಅಥವಾ ಮಲಗಿದಾಗಲೂ ನೋಯುತ್ತಿದ್ದರೆ, ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಓಟವನ್ನು ಅಂದೇ ನಿಲ್ಲಿಸಿ ಎಲುಬಿನ ವೈದ್ಯರಿಗೆ ತೋರಿಸಿರಿ. ನೇಮಕಾತಿ ಹತ್ತಿರವಿದೆಯೆಂದು ನೋವು ನುಂಗಿ ಓಡಿದರೆ ಆ ಬಿರುಕು ಮುರಿತವಾಗಬಹುದು, ಆಮೇಲೆ ತಿಂಗಳುಗಟ್ಟಲೆ ಓಡಲಾಗುವುದಿಲ್ಲ.

ಪ್ರಶ್ನೆ: ನಮ್ಮೂರು ಗದಗ ತಾಲ್ಲೂಕಿನ ಎರೆಸೀಮೆಯಲ್ಲಿದೆ. ಮಗಳು ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದಾಳೆ, ತಾಲ್ಲೂಕು ಮಟ್ಟದ 3000 ಮೀಟರ್ ಓಟದಲ್ಲಿ ಬರಿಗಾಲಿನಲ್ಲಿ ಓಡಿ ಗೆದ್ದಳು. ಈಗ ಜಿಲ್ಲಾ ಮಟ್ಟಕ್ಕೆ ಬೂಟು ಕೊಡಿಸಬೇಕೆಂದು ಶಾಲೆಯಲ್ಲಿ ಹೇಳಿದ್ದಾರೆ. ಬೂಟು ಹಾಕಿದರೆ ಅವಳ ಓಟ ಕೆಡುತ್ತದೆಯೇ? (ಗದಗ)

ಉತ್ತರ: ತಾಯಿಯಾಗಿ ನೀವು ಇಷ್ಟು ವಿಚಾರ ಮಾಡಿ ಕೇಳಿದ್ದು ಸಂತೋಷ ತಂದಿತು. ಬರಿಗಾಲಿನ ಓಟವನ್ನು ಬಡತನದ ಗುರುತೆಂದು ತಿಳಿಯಬೇಕಾಗಿಲ್ಲ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಬರಿಗಾಲಿನಲ್ಲಿ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಗೆದ್ದರು. ನಮ್ಮವರೇ ಆದ ಶಿವನಾಥ ಸಿಂಗ್ ಬರಿಗಾಲಿನ ಓಟಕ್ಕೆ ಹೆಸರಾಗಿದ್ದವರು, 1978ರಲ್ಲಿ ಜಲಂಧರಿನಲ್ಲಿ ಅವರು ಸ್ಥಾಪಿಸಿದ 2 ಗಂಟೆ 12 ನಿಮಿಷದ ಭಾರತೀಯ ಮ್ಯಾರಥಾನ್ ದಾಖಲೆ ದಶಕಗಳ ಕಾಲ ಅಳಿಯಲಿಲ್ಲ. ಅದೇ ಬಿಕಿಲ ನಾಲ್ಕು ವರ್ಷಗಳ ಬಳಿಕ ಟೋಕಿಯೊದಲ್ಲಿ ಬೂಟು ತೊಟ್ಟು, ಮೊದಲಿಗಿಂತ ಸುಮಾರು ಮೂರು ನಿಮಿಷ ಬೇಗ ಓಡಿ ಮತ್ತೆ ಗೆದ್ದರು. ಬರಿಗಾಲಿನಿಂದ ಬೂಟಿಗೆ ಬಂದ ಮಾತ್ರಕ್ಕೆ ಓಟ ಕೆಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ.

ಬರಿಗಾಲಿನವರೆಲ್ಲ ಒಂದೇ ರೀತಿ ಪಾದ ಊರುತ್ತಾರೆಂಬುದೂ ನಿಜವಲ್ಲ. ಕೀನ್ಯಾದ ಉತ್ತರ ಭಾಗದಲ್ಲಿ ಬರಿಗಾಲಿನಲ್ಲೇ ಬದುಕುವ ದಾಸನಾಚ್ ಎಂಬ ಜನರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಾಮದ ವೇಗದಲ್ಲಿ ಓಡುವಾಗ ಶೇಕಡಾ 72ರಷ್ಟು ಸಲ ಹಿಮ್ಮಡಿಯೇ ಮೊದಲು ತಾಗುತ್ತಿತ್ತು. ವೇಗ ಹೆಚ್ಚಿದಂತೆ ಪಾದದ ನಡು ಮತ್ತು ಮುಂಭಾಗವನ್ನು ಊರುವುದು ಹೆಚ್ಚುತ್ತಿತ್ತು. ನಿಮ್ಮ ಮಗಳ ಪಾದವೂ ವೇಗಕ್ಕೆ, ನೆಲಕ್ಕೆ ತಕ್ಕಂತೆ ತನ್ನ ರೀತಿಯನ್ನು ಕಂಡುಕೊಂಡಿರುತ್ತದೆ. ಅದನ್ನು ಯಾರೂ ತಿದ್ದದಿರಲಿ.

ಬೂಟಿನ ಪ್ರಶ್ನೆ ನೆಲವನ್ನು ಅವಲಂಬಿಸಿದೆ. ಮಸಾರಿ ಮಣ್ಣಿನ ಮೈದಾನದಲ್ಲಿ, ಹದವಾದ ಹುಲ್ಲಿನ ಮೇಲೆ ಬರಿಗಾಲಿನ ಓಟ ಪಾದದ ಸಣ್ಣ ಸ್ನಾಯುಗಳನ್ನು ಗಟ್ಟಿ ಮಾಡುತ್ತದೆ, ಅದನ್ನು ವಾರಕ್ಕೆ ಒಂದೆರಡು ದಿನ ಉಳಿಸಿಕೊಳ್ಳಿರಿ. ಎರೆಹೊಲದ ದಾರಿ ಹಾಗಲ್ಲ: ಮಳೆಗಾಲದಲ್ಲಿ ಮಣ್ಣು ಅಂಗಾಲಿಗೆ ಮೆತ್ತಿಕೊಂಡು ಪಾದ ಭಾರವಾಗುತ್ತದೆ, ಬೇಸಿಗೆಯಲ್ಲಿ ಬಿರುಕುಗಳಲ್ಲಿ ಕಾಲು ಸಿಕ್ಕಿ ಹೊರಳುವ ಅಪಾಯವಿದೆ, ಸುಗ್ಗಿಯ ಬಳಿಕ ಜೋಳದ ಕೊಯ್ಲಾದ ಮೋಟುಗಳೂ ಜಾಲಿಯ ಮುಳ್ಳೂ ಇರುತ್ತವೆ. ಡಾಂಬರು ರಸ್ತೆಯ ಅಭ್ಯಾಸಕ್ಕೂ ಬೂಟು ಬೇಕು. ತೆಳುವಾದ, ಹಗುರವಾದ, ಹಿಮ್ಮಡಿಯ ಕಡೆ ಹೆಚ್ಚು ದಪ್ಪವಿಲ್ಲದ ಓಟದ ಬೂಟನ್ನು ಆರಿಸಿರಿ. ಶಾಲೆಯ ಸಮವಸ್ತ್ರದ ಕಪ್ಪು ಬೂಟಿನಲ್ಲಿ ಓಡಿಸಬೇಡಿರಿ. ಮೊದಲ ವಾರ ಹತ್ತು ನಿಮಿಷದ ನಿಧಾನ ಓಟದಿಂದ ತೊಡಗಿ, ಕನಿಷ್ಠ ಒಂದು ತಿಂಗಳು ರೂಢಿಯಾದ ಬಳಿಕವೇ ಸ್ಪರ್ಧೆಯಲ್ಲಿ ತೊಡಲಿ. ಜಿಲ್ಲಾ ಸ್ಪರ್ಧೆಗೆ ಅಷ್ಟು ದಿನಗಳಿಲ್ಲದಿದ್ದರೆ, ಮೈದಾನ ಸ್ವಚ್ಛವಾಗಿದ್ದು ನೆಲ ಕಾದಿಲ್ಲವಾದರೆ, ಈ ಸಲ ಬರಿಗಾಲಿನಲ್ಲಿಯೇ ಓಡಲಿ. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿರಿ.

ಪ್ರಶ್ನೆ: ನೃಪತುಂಗ ಬೆಟ್ಟವನ್ನು ಓಡಿ ಹತ್ತುವಾಗ ಏನೂ ಆಗುವುದಿಲ್ಲ, ಇಳಿದ ಮರುದಿನ ತೊಡೆಗಳು ವಿಪರೀತ ನೋಯುತ್ತವೆ. ಇಳಿಯುವಾಗ ಪಾದ ಊರುವ ಕ್ರಮ ಬೇರೆಯೇ? (ಹುಬ್ಬಳ್ಳಿ)

ಉತ್ತರ: ಇಳಿಜಾರಿನಲ್ಲಿ ಮೈ ಪ್ರತಿ ಹೆಜ್ಜೆಗೂ ಹೆಚ್ಚು ಎತ್ತರದಿಂದ ಬೀಳುತ್ತದೆ, ಆ ಬೀಳುವಿಕೆಯನ್ನು ತಡೆಯಲು ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಬಲ ಹಾಕಬೇಕಾಗುತ್ತದೆ, ಮರುದಿನದ ನೋವಿಗೆ ಅದೇ ಕಾರಣ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಂತೆ, 9 ಡಿಗ್ರಿಯ ಇಳಿಜಾರಿನಲ್ಲಿ ನೆಲ ತಾಗುವ ಪೆಟ್ಟು ಸಮತಟ್ಟಿಗಿಂತ ಶೇಕಡಾ 54ರಷ್ಟೂ, ಮೈಯನ್ನು ತಡೆಯುವ ಬಲ ಶೇಕಡಾ 73ರಷ್ಟೂ ಹೆಚ್ಚಾಗಿತ್ತು. ಇಳಿಯುವಾಗ ಹಿಂದಕ್ಕೆ ವಾಲಿ, ಕಾಲು ಚಾಚಿ, ಹಿಮ್ಮಡಿಯಿಂದ ತಡೆಯುತ್ತ ಬರುವುದು ಸಹಜವಾಗಿ ಬರುವ ರೀತಿಯಾದರೂ, ಹೊರೆಯನ್ನು ಹೆಚ್ಚಿಸುವುದು ಅದೇ. ಮೈಯನ್ನು ಇಳಿಜಾರಿಗೆ ಹೊಂದಿಸಿ, ಹೆಜ್ಜೆಗಳನ್ನು ಚಿಕ್ಕದಾಗಿಸಿ, ಬೇಗಬೇಗ ಇಡುತ್ತ ಇಳಿಯಿರಿ. ವಾರಕ್ಕೊಮ್ಮೆ ಮಾತ್ರ ಓಡಿ ಇಳಿದು, ಉಳಿದ ದಿನ ನಡೆದು ಇಳಿದರೆ ತೊಡೆಗಳು ಕೆಲವೇ ವಾರಗಳಲ್ಲಿ ಇದಕ್ಕೆ ಒಗ್ಗುತ್ತವೆ. ಜಿಟಿಜಿಟಿ ಮಳೆಯ ದಿನಗಳಲ್ಲಿ ಅಂಚಿನ ಪಾಚಿಗಟ್ಟಿದ ಕಲ್ಲುಗಳ ಮೇಲೆ ಓಡಿ ಇಳಿಯುವುದನ್ನು ಬಿಟ್ಟೇಬಿಡಿರಿ.

ಪ್ರಶ್ನೆ: ನಿಮಿಷಕ್ಕೆ 180 ಹೆಜ್ಜೆ ಇರಬೇಕೆಂದು ಓದಿದ್ದೇನೆ. ನನ್ನ ಕೈಗಡಿಯಾರ 166 ಎಂದು ತೋರಿಸುತ್ತದೆ. ನನ್ನ ಎತ್ತರ ಐದು ಅಡಿ ಒಂಬತ್ತು ಇಂಚು. ಯಾವ ನೋವೂ ಇಲ್ಲ. ಆದರೂ 180 ಮಾಡಿಕೊಳ್ಳಲೇಬೇಕೇ? (ಸಪ್ತಾಪುರ, ಧಾರವಾಡ)

ಉತ್ತರ: ಬೇಡ. ಆ ಸಂಖ್ಯೆ ಬಂದದ್ದು 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಿಂದ. ಅಲ್ಲಿ ಅಮೆರಿಕದ ತರಬೇತುದಾರ ಜ್ಯಾಕ್ ಡೇನಿಯಲ್ಸ್ ದೂರದ ಓಟಗಾರರ ಹೆಜ್ಜೆಗಳನ್ನು ಎಣಿಸಿ, ಬಹುತೇಕ ಎಲ್ಲರೂ ನಿಮಿಷಕ್ಕೆ 180 ಅಥವಾ ಅದಕ್ಕಿಂತ ಹೆಚ್ಚು ಹೆಜ್ಜೆ ಇಡುತ್ತಾರೆಂದು ಕಂಡುಕೊಂಡರು. ಅವರು ಎಣಿಸಿದ್ದು ಜಗತ್ತಿನ ಅತ್ಯುತ್ತಮರು ಸ್ಪರ್ಧೆಯ ವೇಗದಲ್ಲಿ ಓಡುವಾಗ. ವೇಗ ಏರಿದಂತೆ ಹೆಜ್ಜೆಗಳ ಸಂಖ್ಯೆಯೂ ಏರುತ್ತದೆ, ಕಾಲು ಉದ್ದವಿದ್ದವರಲ್ಲಿ ಅದು ಸಹಜವಾಗಿ ಕಡಿಮೆಯಿರುತ್ತದೆ. 2016ರ 100 ಕಿಲೋಮೀಟರ್ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಮುಂಚೂಣಿಯಲ್ಲಿ ಮುಗಿಸಿದ ಓಟಗಾರರ ಸರಾಸರಿ 182 ಇದ್ದರೂ, ಅವರಲ್ಲಿ 155 ಹೆಜ್ಜೆಯವರೂ 203 ಹೆಜ್ಜೆಯವರೂ ಇದ್ದರು. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪೀಟರ್ ಕ್ಯಾವನಾ ಮತ್ತು ಕೀತ್ ವಿಲಿಯಮ್ಸ್ 1982ರಲ್ಲಿಯೇ ತೋರಿಸಿದ ಇನ್ನೊಂದು ಸಂಗತಿ ನಿಮಗೆ ಸಮಾಧಾನ ಕೊಡಬಹುದು: ರೂಢಿಯಾದ ಓಟಗಾರರು ತಾವಾಗಿ ಆರಿಸಿಕೊಂಡ ಹೆಜ್ಜೆಯ ಉದ್ದ, ಅತಿ ಕಡಿಮೆ ಆಮ್ಲಜನಕ ಬೇಡುವ ಉದ್ದಕ್ಕೆ ಬಹಳ ಹತ್ತಿರವಿರುತ್ತದೆ. ನೋವಿಲ್ಲದೆ, ಕಾಲು ಚಾಚದೆ ಓಡುತ್ತಿದ್ದರೆ ನಿಮ್ಮ 166 ನಿಮಗೆ ಸರಿಯಾದ ಸಂಖ್ಯೆ.

ಪ್ರಶ್ನೆ: ಹಿಮ್ಮಡಿ ಎತ್ತರವಿಲ್ಲದ, ಚಪ್ಪಟೆ ತಳದ ಬೂಟು ಕೊಂಡರೆ ಪಾದ ಊರುವ ಬಗೆ ತಾನಾಗಿ ಸುಧಾರಿಸುತ್ತದೆಯೇ? (ರಾಣೆಬೆನ್ನೂರು)

ಉತ್ತರ: ಖಚಿತವಾಗಿ ಹಾಗೆ ಹೇಳಲಾಗದು. ಅನೇಕರು ಅಂಥ ಬೂಟಿನಲ್ಲಿಯೂ ಹಿಮ್ಮಡಿಯನ್ನೇ ಮೊದಲು ಊರುತ್ತಾರೆ, ಮೆತ್ತೆಯಿಲ್ಲದ ಕಾರಣ ಪೆಟ್ಟು ಇನ್ನೂ ಹೆಚ್ಚುತ್ತದೆ. ಸಾಮಾನ್ಯ ಬೂಟಿನಲ್ಲಿ ಹಿಮ್ಮಡಿಯ ಕಡೆ ಮುಂಭಾಗಕ್ಕಿಂತ 8ರಿಂದ 12 ಮಿಲಿಮೀಟರ್ ಎತ್ತರವಿರುತ್ತದೆ; ಅದು ಇಲ್ಲವಾದಾಗ ಮೀನಖಂಡವೂ ಅದರ ನರವೂ ಅಷ್ಟು ಹೆಚ್ಚು ಎಳೆಯಲ್ಪಡುತ್ತವೆ. ಅಮೆರಿಕದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದಲ್ಲಿ ಹತ್ತು ವಾರಗಳಲ್ಲಿ ಅತಿ ತೆಳುವಾದ ಬೂಟಿಗೆ ಬದಲಾಗಲು ಯತ್ನಿಸಿದ 19 ಓಟಗಾರರಲ್ಲಿ 10 ಮಂದಿಯ ಪಾದದ ಎಲುಬುಗಳಲ್ಲಿ ಒತ್ತಡದ ಊತ ಕಾಣಿಸಿಕೊಂಡಿತೆಂಬುದು 2013ರಲ್ಲಿ ಪ್ರಕಟವಾದ ಸಂಗತಿ. ಈಗಿನ ಬೂಟಿನಲ್ಲಿ ತೊಂದರೆ ಇಲ್ಲದಿದ್ದರೆ ಬದಲಿಸಬೇಡಿರಿ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ನನ್ನ ಬಳಿ ಇರುವುದು ಮೊಬೈಲ್ ಫೋನು ಮತ್ತು ಮಣ್ಣಿನ ಮೈದಾನ ಮಾತ್ರ. ಮಕ್ಕಳ ಹೆಜ್ಜೆಯನ್ನು ಪರೀಕ್ಷಿಸುವುದು ಹೇಗೆ, ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು? (ಹಾವೇರಿ)

ಉತ್ತರ: ನಿಮ್ಮ ಬಳಿ ಇರುವ ಎರಡೂ ಸಾಧನಗಳು ಸಾಕು. ದೂರದ ಓಟದಲ್ಲಿ ಪಾದ ನೆಲದ ಮೇಲಿರುವುದು ಸೆಕೆಂಡಿನ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದಷ್ಟು ಹೊತ್ತು. ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಮಾನ್ಯ ವಿಡಿಯೋದಲ್ಲಿ ಅಷ್ಟು ಹೊತ್ತಿಗೆ ಆರೇಳು ಚಿತ್ರಗಳು ಮಾತ್ರ ಸಿಗುತ್ತವೆ, ನೆಲ ತಾಗಿದ ಕ್ಷಣ ಅವುಗಳ ನಡುವೆ ತಪ್ಪಿಹೋಗುತ್ತದೆ. ಫೋನಿನಲ್ಲಿ ಸ್ಲೋ ಮೋಷನ್ ಇದ್ದು ಅದು 240 ಚಿತ್ರಗಳದ್ದಾದರೆ ಐವತ್ತರ ಆಸುಪಾಸು ಸಿಗುತ್ತವೆ. ಫೋನನ್ನು ಮಗುವಿನ ಸೊಂಟದ ಎತ್ತರಕ್ಕೆ, ಓಟದ ದಾರಿಯಿಂದ ಏಳೆಂಟು ಮೀಟರ್ ದೂರದಲ್ಲಿ, ನೇರ ಪಕ್ಕದಿಂದ ಹಿಡಿಯಿರಿ. ಎರಡು ಸುತ್ತು ಓಡಿ ಮೈ ಬಿಸಿಯಾದ ಮೇಲೆ ಒಮ್ಮೆ, ದಣಿದ ಮೇಲೆ ಇನ್ನೊಮ್ಮೆ ತೆಗೆಯಬೇಕು, ಏಕೆಂದರೆ ದಣಿದಾಗಿನ ಓಟ ಬೇರೆಯೇ ಇರುತ್ತದೆ. ವಿಡಿಯೋ ತೆಗೆಯುವುದನ್ನು ಮಗುವಿಗೆ ಹೇಳದಿರುವುದು ಮೇಲು. ಹೇಳಿದರೆ ಹೆಜ್ಜೆ ಬದಲಾಗಿಬಿಡುತ್ತದೆ. ಪಾಲಕರ ಒಪ್ಪಿಗೆಯನ್ನು ಮಾತ್ರ ಮೊದಲೇ ಪಡೆದಿರಬೇಕು.

ಮಣ್ಣಿನ ಮೈದಾನ ವಿಡಿಯೋಕ್ಕಿಂತ ಕಡಿಮೆಯೇನಲ್ಲ. ಮಳೆ ಬಿದ್ದು ಅರೆ ಒಣಗಿದ ನೆಲವನ್ನು ಗುಡಿಸಿ, ಅದರ ಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಓಡಿಸಿ ಹೆಜ್ಜೆಯ ಗುರುತುಗಳನ್ನು ನೋಡಿರಿ. ಹಿಮ್ಮಡಿಯ ಗುರುತು ಆಳವಾಗಿದ್ದು ಅದರ ಮುಂದೆ ಮಣ್ಣು ತಳ್ಳಲ್ಪಟ್ಟಿದ್ದರೆ ಮಗು ಕಾಲನ್ನು ಮುಂದೆ ಚಾಚಿ ತಡೆಯುತ್ತಿದೆ. ಎಡಗಾಲು ಬಲಗಾಲುಗಳ ಗುರುತುಗಳು ಒಂದನ್ನೊಂದು ದಾಟಿ ಅಡ್ಡಹಾಯುತ್ತಿದ್ದರೆ ಸೊಂಟದ ಪಕ್ಕದ ಸ್ನಾಯುಗಳು ಬಲವಾಗಿಲ್ಲವೆಂದು ಶಂಕಿಸಬೇಕು. ಒಂಟಿಕಾಲಿನಲ್ಲಿ ನಿಲ್ಲುವ, ಕುಂಟುವ ಆಟಗಳು ಅದಕ್ಕೆ ಒಳ್ಳೆಯ ವ್ಯಾಯಾಮ. ಕುಂಟಾಬಿಲ್ಲೆ ಆಡಿಸುವುದರಿಂದ ಆಗುವ ಪ್ರಯೋಜನ ಇಲ್ಲಿ ಸಣ್ಣದಲ್ಲ.

ತಿದ್ದುವಾಗ ಪಾದದ ಹೆಸರೆತ್ತಬೇಡಿರಿ. ತುದಿಗಾಲಿನಲ್ಲಿ ಓಡು ಎಂದರೆ ಮಗು ಮೈಯನ್ನು ಬಿಗಿದು ಎಗರುತ್ತದೆ. ಬದಲಿಗೆ ಸಪ್ಪಳವಾಗದಂತೆ ಓಡು ಎಂದು ಹೇಳಿರಿ; ಸಪ್ಪಳ ತಗ್ಗಿಸಲು ಹೋದಾಗ ಹೆಜ್ಜೆ ಚಿಕ್ಕದಾಗಿ, ಮೊಣಕಾಲು ಮಡಚಿ, ಪಾದ ಹತ್ತಿರ ಇಳಿಯುತ್ತದೆ. ಸೊಂಟದಿಂದ ಬಾಗಿ ಓಡುವವರಿಗೆ ನೆತ್ತಿಯಿಂದ ಹಿಮ್ಮಡಿಯವರೆಗೆ ಮೈಯನ್ನು ಒಂದೇ ಗೆರೆಯಲ್ಲಿ ಇರಿಸಿಕೊಂಡು ಕೊಂಚ ಮುಂದೆ ವಾಲಲು ಹೇಳಬೇಕು. ಒಂದು ವಾರಕ್ಕೆ ಒಂದೇ ಮಾತು. ಎರಡನ್ನು ಒಟ್ಟಿಗೆ ಹೇಳಿದರೆ ಮಗುವಿಗೆ ಎರಡೂ ದಕ್ಕುವುದಿಲ್ಲ.

ಕೈ ಬೀಸುವ ರೀತಿ ವಿಚಿತ್ರವಾಗಿದೆ, ತಲೆ ಅಲುಗಾಡುತ್ತದೆ, ಮುಖ ಸಿಂಡರಿಸುತ್ತದೆ ಎಂಬ ಕಾರಣಕ್ಕೆ ಯಾರನ್ನೂ ತಿದ್ದಬೇಡಿರಿ. ಜೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ ತಲೆ ಹೊರಳಿಸುತ್ತ, ಮುಖ ಕಿವುಚುತ್ತ ಓಡಿಯೇ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದರು. ಆದರೆ ಒಂದು ಕಡೆಯ ಕಾಲನ್ನು ಮಾತ್ರ ಎಳೆದು ಓಡುವ, ಒಂದು ಬೂಟಿನ ತಳ ಮಾತ್ರ ಬೇಗ ಸವೆಯುವ, ಓಟದ ಬಳಿಕ ಕುಂಟುವ ಮಗುವಿನ ವಿಷಯ ಹಾಗಲ್ಲ. ಅದು ರೂಢಿಯ ಪ್ರಶ್ನೆಯಾಗಿರದೆ ಎರಡು ಕಾಲುಗಳ ಉದ್ದದ ವ್ಯತ್ಯಾಸವೋ ಸೊಂಟದ ಕೀಲಿನ ತೊಂದರೆಯೋ ಆಗಿರಬಹುದು. ಅಂಥ ಮಗುವಿನ ಓಟವನ್ನು ನಿಲ್ಲಿಸಿ, ನೀವು ತೆಗೆದ ವಿಡಿಯೋವನ್ನು ಪಾಲಕರಿಗೆ ಕೊಟ್ಟು, ಜಿಲ್ಲಾ ಆಸ್ಪತ್ರೆಯ ಎಲುಬಿನ ವೈದ್ಯರಿಗೆ ತೋರಿಸಲು ಕಳುಹಿಸಿರಿ.